ಮೂಲೆಯ ಒಲೆ

ಸೊಸೆ ದಾರ ಹಿಡಿದು ತನ್ನನ್ನು ಅಳೆಯುತ್ತಿದ್ದಾಗ ರುಕ್ಮವ್ವ ನಿದ್ದೆ ಮಾಡಿರಲಿಲ್ಲ. ಉಂಡು, ಹೊಲದ ಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಕಂಬಕ್ಕೊರಗಿ ಕಣ್ಣು ಮುಚ್ಚಿದ್ದಳು, ಅಷ್ಟೇ. ದೇವಕ್ಕ ಕಳ್ಳಬೆಕ್ಕಿನ ಹಾಗೆ ಬಂದು, ಅತ್ತೆಯ ಹಿಮ್ಮಡಿಯಿಂದ ಮೊಣಕೈವರೆಗೆ ದಾರ ಹಿಡಿದು, ಗಂಟು ಹಾಕಿಕೊಂಡು ಹೋದಳು. ದಾರದಲ್ಲಿ ಅಳತೆ ತೆಗೆದು ಮಾಟ ಮಾಡಿಸುವವರ ಸುದ್ದಿ ರುಕ್ಮವ್ವ ಕೇಳದ್ದೇನಲ್ಲ. ಆದರೂ ಕಣ್ಣು ತೆರೆಯಲಿಲ್ಲ. ಎಲ್ಲಿಯವರೆಗೆ ಹೋಗುತ್ತಾಳೋ ನೋಡಿಯೇ ಬಿಡೋಣ ಅಂದುಕೊಂಡಳು.

ಹುಬ್ಬಳ್ಳಿ-ಧಾರವಾಡ ಸೇರಿ ಒಂದೇ ಪಾಲಿಕೆಯಾದ ವರ್ಷ ಅದು. ಊರು ಊರೇ ಒಂದಾದವು, ರುಕ್ಮವ್ವನ ಮನೆ ಮಾತ್ರ ಮೂರಾಯಿತು. ಹುಬ್ಬಳ್ಳಿಯ ದೊಡ್ಡ ಮನೆ ಮಾರಿ ಹಿರಿಯ ಮಕ್ಕಳಿಬ್ಬರೂ ತಮ್ಮ ದಾರಿ ಹಿಡಿದರು. ಕಿರಿಯವ ಗುರುಶಿದ್ದಪ್ಪ ಧಾರವಾಡದಲ್ಲಿ ಕಾರಕೂನ. ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಲಕಮನಹಳ್ಳಿಯ ಹೊಲದಲ್ಲಿದ್ದ ಈ ಹಳೆಯ ಪುಟ್ಟ ಮನೆಗೆ ಬಂದ. ಹೆಂಚು ಹೊದಿಸುವುದು, ಗೋಡೆ ಮೆತ್ತುವುದು, ಎಲ್ಲ ಗೌಂಡಿ ಶಾಬುದ್ದೀನನ ಕೈಯಲ್ಲಿತ್ತು. ದೊಡ್ಡ ಮನೆ ಒಡೆದದ್ದು ಹೇಗೆ ಅಂತೀರಿ? ಪಾಲು ಆಮೇಲೆ ಬಂತು. ಮೊದಲು ಬಂದದ್ದು ಹಿರಿಸೊಸೆ ಹಿತ್ತಲಲ್ಲಿ ಹಾಕಿಸಿದ ಎರಡನೇ ಒಲೆ. "ಬಾಣಂತಿ ನೀರಿಗೆರಿ" ಅಂದಿದ್ದಳು ಮಹಾತಾಯಿ!

ದಾರದ ಮರುದಿನ ಅಡಿಗೆಮನೆಗೆ ಇಣುಕಿದರೆ ಇಲ್ಲೂ ಎರಡು ಒಲೆ! ಒಂದು ಸೊಂಟದೆತ್ತರದ ಕಟ್ಟೆಯ ಮೇಲೆ, ನಿಂತು ಅಡಿಗೆ ಮಾಡುವ ಹೊಸ ಬಗೆಯದು. ಇನ್ನೊಂದು ಮೂಲೆಯಲ್ಲಿ, ಗಿಡ್ಡದ್ದು, ಇನ್ನೂ ಹಸಿ ಮಣ್ಣು.

"ಯಾರದೋ ಈ ಮೂಲ್ಯಾಗಿನ ಒಲಿ?"

ಶಾಬುದ್ದೀನ ಮುಖ ತಪ್ಪಿಸಿದ. "ಅಕ್ಕಾರ್ನ ಕೇಳ್ರಿ ಅವ್ವಾರ. ನಾ ಹೇಳಬಾರದಂತ."

ಹೇಳಬಾರದಂತೆ! ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೆ? ಸಂಜೆ ಮಗನನ್ನು ಹಿಡಿದಳು. "ಅಡಿಗಿಮನಿ ಮಾತು ನನಗ್ಯಾಕ ಬೇ? ನಾ ಏನೂ ಹೇಳಿಲ್ಲ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅಲ್ಲಿಗೆ ರುಕ್ಮವ್ವನಿಗೆ ಖಾತ್ರಿಯಾಯಿತು. ಸೇರು ಜೋಳ ಮುಂದಿಟ್ಟು "ನಿನ್ನ ಒಲಿ ನಿನಗ" ಅನ್ನುತ್ತಾರೆ. ಈ ವಯಸ್ಸಿನಲ್ಲಿ ಒಬ್ಬಳೇ ಬೇಯಿಸಿ ಒಬ್ಬಳೇ ಉಣ್ಣುವುದೆಂದರೆ! ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

ಬೆಳಿಗ್ಗೆ ದೇವಕ್ಕ ಬಾವಿಗೆ ಹೋದದ್ದು ನೋಡಿ ರುಕ್ಮವ್ವ ಅಡಿಗೆಮನೆ ಹೊಕ್ಕಳು. ಗಿಡ್ಡ ಒಲೆಗೆ ಝಾಡಿಸಿ ಒದ್ದಳು. ಒಂದೇ ಏಟಿಗೆ ಒಲೆ ಕುಸಿಯಿತು. ಅದರ ಬೆನ್ನಿಗೇ ಅವಳ ಮೊಣಕಾಲೂ ಕೈಕೊಟ್ಟಿತು. "ಯವ್ವಾ!" ಅಂತ ಅಲ್ಲೇ ಕುಂತಳು.

ಗೌಂಡಿ ಓಡಿ ಬಂದ. ದೇವಕ್ಕ ಕೊಡ ಇಳಿಸಿ ಒಲೆ ನೋಡಿದಳು, ಅತ್ತೆಯ ಕಾಲಿಗೆ ಮೆತ್ತಿದ ಮಣ್ಣು ನೋಡಿದಳು.

"ನಾನ ಒದ್ದೇನಿ! ನನ್ನ ಬ್ಯಾರೆ ಇಡಾಕ ಹೊಂಟೀರೇನ? ದಾರದಾಗ ಅಳತಿ ತಗೊಂಡ್ಯಲ್ಲ, ಮಾಟ ಮಾಡಸಾಕೇನ?"

ದೇವಕ್ಕ ಅತ್ತೆಯ ಪಕ್ಕದಲ್ಲೇ ಕುಕ್ಕರಿಸಿದಳು. "ಒಲಿ ಮುಂದಿಂದ ಏಳುವಾಗ ಗ್ವಾಡಿ ಹಿಡಿತೀರಿ ಅತ್ತಿ. ನಾ ಬಂದ್ರ ಕೈ ಬಿಡ್ತೀರಿ. ನೆಲಕ್ಕ ಕುಂದ್ರಾಕ ಆಗೂದಿಲ್ಲ, ನಿಂತು ಮಾಡಾಕೂ ಆಗೂದಿಲ್ಲ. ಸ್ಟೂಲಿನ ಮ್ಯಾಲ ಕುಂತು ರೊಟ್ಟಿ ಬೇಯಿಸ್ಲಿ ಅಂತ ನಿಮ್ಮ ಅಳತಿಗೆ ಹಾಕಿಸಿದ್ನಿ. ಕೇಳಿದ್ರ, ನನಗೇನ ಮುಪ್ಪಾಗೇತೇನ ಅಂತ ಹಾರಾಡ್ತಿದ್ರಿ. ಎರಡೂ ಒಲಿ ರೊಟ್ಟಿ ಒಂದ ಬುಟ್ಟಿಗೆ ಬೀಳ್ತಿದ್ವರಿ."

ರುಕ್ಮವ್ವ ಭೂಮಿಗಿಳಿದು ಹೋದಳು.

ಶಾಬುದ್ದೀನ ಮಣ್ಣು ಒಟ್ಟುಗೂಡಿಸಿದ. "ಮತ್ತ ಕಟ್ಟೇನ್ರಿ. ಆದ್ರ ಆ ಅಳತಿ ದಾರ ಎಲ್ಲೋ ಒಗದ ಬಿಟ್ಟೇನಲ್ಲ."

ರುಕ್ಮವ್ವ ತನ್ನ ಸೀರೆಯ ಅಂಚಿನಿಂದ ಉದ್ದನೆಯ ಎಳೆಯೊಂದನ್ನು ಜಗ್ಗಿ ಕಿತ್ತು ಸೊಸೆಯ ಮುಂದೆ ಹಿಡಿದಳು. "ತಗೊ ನಮ್ಮವ್ವ. ಈ ಸಲ ಕಣ್ಣ ತಗದ ಇರ್ತೇನಿ."

ದೇವಕ್ಕ ಕೂಡಲೇ ಕೈ ಚಾಚಲಿಲ್ಲ. ಕೊಡ ಬಗ್ಗಿಸಿ ಅತ್ತೆಯ ಕಾಲು ತೊಳೆದಳು. ಎಬ್ಬಿಸಿ ಸ್ಟೂಲಿನ ಮೇಲೆ ಕೂಡಿಸಿದಳು. ಆಮೇಲೆ ದಾರದ ಕೆಳಗಿನ ತುದಿಯನ್ನಷ್ಟೇ ಹಿಡಿದುಕೊಂಡು ಹೇಳಿದಳು: "ಮ್ಯಾಲಿನ ತುದಿ ನೀವ ಹಿಡೀರಿ."