ಸಂಜೆಯ ಅಳತೆ

2019ರ ಮೇ 22, ಬೆಳಿಗ್ಗೆ 5 ಗಂಟೆ 50 ನಿಮಿಷ. ತಮ್ಮನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ ದೀಪ ಹಾಕಿದಳು. ಗಾಜಿನ ತೊಟ್ಟಿಯ ಪುಟ್ಟ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಗಲ ಮೈಯ ಬೆಳ್ಳಿ ಮೀನು ನೀರುಗಿಡಗಳ ನಡುವೆ ಅಡ್ಡ ಬಿದ್ದಿತ್ತು. ತಮ್ಮ ಏಳು ವರ್ಷ ಸಾಕಿದ ಮೀನು. ಮದುವೆಯ ಮಾತೆತ್ತಿದವರಿಗೆಲ್ಲ, "ಈ ಮನೆಗೆ ಯಜಮಾನಿ ಬಂದಾಯ್ತಲ್ಲ" ಎಂದು ಅವನು ಬೆರಳು ತೋರಿಸುತ್ತಿದ್ದುದು ಅದರ ಕಡೆಗೇ.

ತಪ್ಪು ಅವಳದೇ. ಹೊಟ್ಟೆಯ ಆಪರೇಷನ್‌ಗೆ ಆಸ್ಪತ್ರೆ ಸೇರುವಾಗ ಅವನು ಮೀನುಗಳನ್ನು ಅವಳಿಗೊಪ್ಪಿಸಿ, "ಗಾಳಿ ಪಂಪ್ ಮಾತ್ರ ಆರಿಸ್ಬೇಡ ಅಕ್ಕಾ" ಎಂದು ಎರಡೆರಡು ಸಲ ಹೇಳಿದ್ದ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಸವೆಸಿದವಳಿಗೆ ಆ ಗುಂಯ್‌ಗುಡುವ ಡಬ್ಬಿ ತಲೆನೋವಾಗಿತ್ತು. ನಿನ್ನೆ ಸಂಜೆ ಐದಕ್ಕೆ, ಪ್ರಯೋಗಾಲಯದಿಂದ ತಂದ ಆಮ್ಲಜನಕ ಮೀಟರಿನ ಕಡ್ಡಿ ಅದ್ದಿ ನೋಡಿದಳು: ಲೀಟರಿಗೆ 8.9 ಮಿಲಿಗ್ರಾಂ ಆಮ್ಲಜನಕ. ಎಲೆಯೆಲೆಯ ಅಂಚಿನಲ್ಲೂ ಸಾಸಿವೆಯಷ್ಟು ಗುಳ್ಳೆ. ಗಿಡಗಳೇ ಇಷ್ಟು ಕೊಡುವಾಗ ಪಂಪ್ ಯಾಕೆ? ಆರಿಸಿಬಿಟ್ಟಳು. ಫೋನಿನಲ್ಲಿ ತಮ್ಮನಿಗೆ ಅದನ್ನು ಹೇಳಲಿಲ್ಲ. "ನಿನ್ನ ಪಂಪಿನ ಗುಳ್ಳೆ ಬರೀ ಶೋಕಿ ಕಣೋ, ಮೀಟರ್ ಸುಳ್ಳು ಹೇಳಲ್ಲ" ಎಂದು ರೇಗಿಸಿದ್ದಳಷ್ಟೆ.

ಮೀಟರ್ ಸುಳ್ಳು ಹೇಳಿರಲಿಲ್ಲ. ಅಳೆದ ಹೊತ್ತು ತಪ್ಪಾಗಿತ್ತು. ಕತ್ತಲಾದ ಮೇಲೆ ಗಿಡಗಳೂ ಮೀನಿನ ಜೊತೆ ನಿಂತು ಅದೇ ಆಮ್ಲಜನಕಕ್ಕೆ ಕೈಚಾಚುತ್ತವೆ. ಪಂಪಿನ ಗುಳ್ಳೆಗಳು ಎದ್ದು ಮೇಲ್ಮೈಯನ್ನು ಕಲಕದಿದ್ದರೆ ಹೊರಗಿನ ಗಾಳಿ ನೀರಿಗಿಳಿಯುವುದು ಬಲು ನಿಧಾನ. ಕಾಲೇಜಿನ ಮೊದಲ ವರ್ಷದ ಪಾಠ.

ಪಂಪ್ ಹಾಕಿ ಕಡ್ಡಿ ಅದ್ದುವಷ್ಟರಲ್ಲಿ ಫೋನ್ ಬಂತು.

"ಅಕ್ಕಾ, ಏಳಕ್ಕೆ ನನ್ನ ಸರದಿ. ಹೊಲಿಯೋನಿಗೇ ಹೊಲಿಗೆ ಹಾಕ್ತಾರಂತೆ ನೋಡು! ಯಜಮಾನಿ ಹೇಗಿದ್ದಾಳೆ? ನಿನ್ನ ಮೀಟರ್ ಏನನ್ನತ್ತೆ?"

8.9 ಎನ್ನಬಹುದಿತ್ತು. ಅದು ಸುಳ್ಳು ಅಂಕಿಯಲ್ಲ, ನಿನ್ನೆಯದು ಅಷ್ಟೆ. ಕತ್ತರಿಗೆ ಮೈಯೊಡ್ಡಲು ಹೊರಟವನಿಗೆ ನಿಜ ಹೇಳಿ ಆಗಬೇಕಾದ್ದೇನು?

"ಎರಡು ಪಾಯಿಂಟ್ ಮೂರು," ಎಂದಳು.

"ಪಂಪ್ ಆರಿಸಿದ್ಯಾ?"

"ಹೂಂ ಕಣೋ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಈಗ ಹಾಕಿದೀನಿ. ಯಜಮಾನಿ ಅಡ್ಡ ಬಿದ್ದಿದ್ದಾಳೆ. ಉಸಿರಿದೆ."

"ಓದಿದ ಅಕ್ಕ ಇದ್ದಾಳಲ್ಲ ಅಂತ ನಿಶ್ಚಿಂತೆಯಾಗಿ ಬಂದೆ."

ಬೈದಿದ್ದರೆ ವಾಸಿಯಿತ್ತು.

"ಮಗ್‌ನಲ್ಲಿ ನೀರು ಮೊಗೆದು ಎತ್ತರದಿಂದ ಸುರಿ," ಎಂದ ತಮ್ಮ. "ಫೋನ್ ಇಡ್ಬೇಡ. ಸದ್ದು ಕೇಳಿಸ್ಲಿ."

ಮೊಗೆದಳು, ಸುರಿದಳು, ಮತ್ತೆ ಮೊಗೆದಳು. ಆರೂವರೆಗೆ ಆ ಕಡೆಯಿಂದ ನರ್ಸ್ ಕರೆದದ್ದು ಕೇಳಿಸಿತು. "ನಿಲ್ಲಿಸ್ಬೇಡ ಅಕ್ಕಾ," ಎಂದು ತಮ್ಮ ಫೋನ್ ಇಟ್ಟ. ರಟ್ಟೆ ಬಿದ್ದುಹೋಗುವಂತಾದರೂ ಅವಳು ನಿಲ್ಲಿಸಲಿಲ್ಲ.

ಪುಟ್ಟ ಮೀನುಗಳು ಒಂದೊಂದಾಗಿ ಗಿಡಗಳ ಸಂದಿಗೆ ಇಳಿದವು. ಯಜಮಾನಿಯ ಕಿವಿರು ಏಳಕ್ಕೆ ಮೊದಲೇ ನಿಂತುಹೋಗಿತ್ತು. ಎಚ್ಚರವಾದೊಡನೆ ತಮ್ಮ ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಆಗಲೂ ಇದ್ದದ್ದನ್ನು ಇದ್ದಂತೆಯೇ ಹೇಳಬೇಕು. ಏಳು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ಕಡ್ಡಿ ಅದ್ದಿದಳು. ಲೀಟರಿಗೆ 5.1 ಮಿಲಿಗ್ರಾಂ.