ಲ್ಯಾಂಡ್ರಿಯ ಗಾಡಿ ಎತ್ತರಿಸಿದ್ದು

ನನ್ನ ಗಂಡ ಗಾರ್ಲಂಡ್‌ಗೆ ದುಃಖವಾದರೆ ಕೈಗೆ ಸ್ಪ್ಯಾನರ್ ಬೇಕು. ಅವನ ತಾಯಿ ತೀರಿಕೊಂಡ ವಾರ ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಮಿಷನ್ನನ್ನು ಅವರನ್ನು ಕೇಳದೆಯೇ ಬಿಚ್ಚಿ ಜೋಡಿಸಿದ್ದ. ಲ್ಯಾಂಡ್ರಿ ಸತ್ತ ಸುದ್ದಿ ಬಂದಾಗ ಇವನು ಏನನ್ನಾದರೂ ಬಿಚ್ಚಿಯೇ ಬಿಚ್ಚುತ್ತಾನೆ ಎಂದುಕೊಂಡೆ. ಬಿಚ್ಚಿದ.

ಪಶ್ಚಿಮ ಟೆಕ್ಸಸ್‌ನ ಎಣ್ಣೆಬಾವಿಗಳ ನಡುವೆ, ಹೆದ್ದಾರಿಯ ಪಕ್ಕದಲ್ಲಿ ನಮ್ಮ ಅಂಗಡಿ. ಪಿಕಪ್ ಗಾಡಿಗಳ ಮೈಯನ್ನು ನೆಲದಿಂದ ಎತ್ತರಿಸುವುದು, ದೊಡ್ಡ ಚಕ್ರ ಹಾಕುವುದು, ಇದೇ ಕೆಲಸ. ಎತ್ತುವುದು ಗಾರ್ಲಂಡ್, ಗಿರಾಕಿಗಳ ಬಾಯಿ ಸಹಿಸಿಕೊಳ್ಳುವುದು ನಾನು. ಲ್ಯಾಂಡ್ರಿ ಪ್ರುಯಿಟ್ ಗಿರಾಕಿಯಷ್ಟೇ ಆಗಿರಲಿಲ್ಲ, ನಮ್ಮ ಮನೆಯ ಹುಡುಗನ ಹಾಗಿದ್ದ. ಮೂವತ್ತೊಂದು ವಯಸ್ಸು. ಬಾವಿಯ ಮೇಲೆ ಕೆಲಸ ಮಾಡುವಾಗ ಪೈಪು ಜಾರಿ ಎದೆಯ ಮೇಲೆ ಬಿತ್ತು. ತನ್ನ ಪಿಕಪ್ಪಿಗೆಂದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಕಪ್ಪು ರಿಮ್ಮಿನ ನಾಲ್ಕು ದೈತ್ಯ ಚಕ್ರಗಳನ್ನು ಒಂದೊಂದಾಗಿ ಕೊಂಡು ನಮ್ಮ ಹಿಂದಿನ ಕೋಣೆಯಲ್ಲಿ ಪೇರಿಸಿದ್ದ. ಬಂದಾಗಲೆಲ್ಲ ಆ ಚಕ್ರಗಳ ಮೇಲೆ ಕೂತು ನನ್ನ ಊಟದ ಡಬ್ಬಿಗೆ ಕೈ ಹಾಕುತ್ತಿದ್ದ. ಗಾಡಿಗೆ ಜೋಡಿಸುವುದೊಂದು ಬಾಕಿ ಇತ್ತು.

ಗುರುವಾರ ಅವನ ಅಪ್ಪ ವರ್ಲಿನ್ ಆ ಪಿಕಪ್ಪನ್ನು ತಂದು ನಿಲ್ಲಿಸಿದ. ಕುಳ್ಳ ಮನುಷ್ಯ, ಜೀವಮಾನವಿಡೀ ಬಾವಿಗಳ ಮೇಲೆ ದುಡಿದು ಎರಡೂ ಭುಜ ಕೆಡಿಸಿಕೊಂಡವನು. ತೋಳು ಎದೆಯ ಮಟ್ಟಕ್ಕೆ ಬಂದರೆ ಮುಗಿಯಿತು, ಮೇಲೆ ಹೋಗದು. ಟೋಪಿ ಹಾಕಿಕೊಳ್ಳಬೇಕಾದರೂ ತಲೆಯನ್ನೇ ಟೋಪಿಯ ಹತ್ತಿರಕ್ಕೆ ಬಗ್ಗಿಸುತ್ತಾನೆ.

"ತೊಳೆದು ಕೊಡು ಗಾರ್ಲಂಡ್, ಸಾಕು. ಶನಿವಾರ ಅವನನ್ನ ಸ್ಮಶಾನಕ್ಕೆ ಅವನ ಗಾಡೀಲೇ ಕರ್ಕೊಂಡು ಹೋಗ್ತೀನಿ. ಸತ್ತವರ ಕರೀ ಕಾರು ಬೇಡ ಅಂದುಬಿಟ್ಟೆ."

"ಒಳ್ಳೇದು ಮಾಡಿದ್ರಿ."

ವರ್ಲಿನ್ ಪಿಕಪ್ಪಿನ ಹಿಂಬಾಗಿಲನ್ನು ಇಳಿಸಿ, ಅದರ ಅಂಚಿನ ಮೇಲೆ ಅಂಗೈ ಊರಿದ. "ನೋಡು, ಸರಿಯಾಗಿ ನನ್ನ ಸೊಂಟಕ್ಕೆ ಬರುತ್ತೆ. ಅವನ ಪೆಟ್ಟಿಗೇನ ಇಷ್ಟು ಎತ್ತೋಕೆ ನನಗಾಗುತ್ತೆ. ಅವನು ಹುಟ್ಟಿದ ದಿನ ನರ್ಸು ಮೊದಲು ನನ್ನ ಕೈಗೇ ಕೊಟ್ಟಿದ್ದು. ಕಳಿಸೋದೂ ನನ್ನ ಕೈಯಿಂದಲೇ ಆಗ್ಬೇಕು. ಇನ್ನೇನೂ ಬೇಡ ನನಗೆ."

ಅವನು ಹೋದ ಮೇಲೆ ನಾನು ಒಳಗೆ ಹೋಗಿ ಅತ್ತೆ. ಹೊರಗೆ ಬರುವಷ್ಟರಲ್ಲಿ ಲ್ಯಾಂಡ್ರಿಯ ಜೊತೆ ಕೆಲಸ ಮಾಡುತ್ತಿದ್ದ ಕೋಬಿ ಬಂದಿದ್ದ. ಅವನೂ ಗಾರ್ಲಂಡೂ ಆ ಚಕ್ರಗಳ ಮುಂದೆ ಚರ್ಚಿನಲ್ಲಿ ನಿಂತ ಹಾಗೆ ನಿಂತಿದ್ದರು.

"ಹಾಕಿಬಿಡೋಣ," ಎಂದ ಕೋಬಿ. ಅವನ ಕಣ್ಣು ಊದಿಕೊಂಡಿತ್ತು. "ಒಂದು ವರ್ಷದಿಂದ ಇದೇ ಕನಸು ಅವನಿಗೆ. ಆಸೆ ಪಟ್ಟ ಗಾಡೀಲಿ ಕೂರದೇನೇ ಹೋಗ್ಬೇಕಾ?"

"ಶನಿವಾರದೊಳಗೆ ಆಗುತ್ತೆ," ಎಂದ ಗಾರ್ಲಂಡ್. ಆಗಲೇ ಅಂಗಿಯ ತೋಳು ಮಡಚಿದ್ದ.

"ವರ್ಲಿನ್ನನ್ನ ಒಂದು ಮಾತು ಕೇಳು," ಎಂದೆ.

"ಕೇಳಿದ್ರೆ ಬೇಡ ಅಂತಾರೆ. ಅವರಿಗೆ ಸಂಕೋಚ ಜಾಸ್ತಿ. ನೋಡಿದ್ಮೇಲೆ ಖುಷಿ ಪಡ್ತಾರೆ ಬಿಡು."

ಈ ಗಂಡಸರ ಪ್ರೀತಿ ಹೀಗೇ. ಕೇಳಿದರೆ ಎಲ್ಲಿ ಕಡಿಮೆಯಾಗಿಬಿಡುತ್ತದೋ ಎಂಬ ಭಯ. ನಾನೂ ಸುಮ್ಮನಾದೆ. ಒಂದೂವರೆ ದಿನ ಗ್ಯಾರೇಜಿನಿಂದ ಸುತ್ತಿಗೆ ಸದ್ದು, ಕಬ್ಬಿಣ ಕೊಯ್ಯುವ ಸದ್ದು. ಹಳೆಯ ಸ್ಪ್ರಿಂಗುಗಳು ಹೊರಗೆ ಬಿದ್ದವು. ಹೊಸವು ಕೂರಲೆಂದು ಗಾಡಿಯ ಚೌಕಟ್ಟಿನ ಕೆಳಗಿನ ಒಂದು ಅಡ್ಡಪಟ್ಟಿಯನ್ನೇ ಕತ್ತರಿಸಿ ತೆಗೆದರು. ಊಟ ತೆಗೆದುಕೊಂಡು ಹೋದರೆ ತಟ್ಟೆ ಕೂಡ ನೋಡಲಿಲ್ಲ. ಇಬ್ಬರೂ ನಗುತ್ತಿದ್ದರು, ಲ್ಯಾಂಡ್ರಿಯ ತಮಾಷೆಗಳನ್ನು ಹೇಳಿಕೊಂಡು. ಸತ್ತವನು ಆ ಗಾಡಿ ಮುಗಿಯುವ ತನಕವಾದರೂ ಬದುಕಿದ್ದ ಅವರ ಪಾಲಿಗೆ.

ಶುಕ್ರವಾರ ಸಂಜೆ ಗಾಡಿಯನ್ನು ನೆಲಕ್ಕಿಳಿಸಿದರು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೋಬಿ ಹಿಂಬಾಗಿಲನ್ನು ಇಳಿಸಿದ. ಅದು ಬಂದು ನಿಂತದ್ದು ನನ್ನ ಎದೆಗೆ. ವರ್ಲಿನ್ ನನಗಿಂತ ಕುಳ್ಳ.

"ಅಯ್ಯೋ ದೇವರೇ," ಎಂದೆ. "ಗಾರ್ಲಂಡ್, ಅವರ ಕೈ!"

ಅವನು ಹಿಂಬಾಗಿಲು ನೋಡಿದ, ನನ್ನನ್ನು ನೋಡಿದ. ಗೊತ್ತಾಯಿತು ಅವನಿಗೆ. ಬಾಗಿಲು ಮೊದಲಿಗಿಂತ ಒಂದು ಗೇಣಿಗೂ ಹೆಚ್ಚು ಎತ್ತರ.

"ವಾಪಸ್ ಇಳಿಸು," ಎಂದೆ.

"ಆಗಲ್ಲ, ನಡೀನ್. ಕೊಯ್ದುಬಿಟ್ಟಿದ್ದೀವಿ. ಹಳೇ ಸ್ಪ್ರಿಂಗು ಇನ್ನು ಕೂರಲ್ಲ."

"ನಾನು ಆಗ್ಲೇ ಬಡ್ಕೊಂಡೆ ಕೇಳು ಅಂತ! ಇಂಚುಗಟ್ಟಲೆ ಅಳೆದ್ರಲ್ಲ ಇಬ್ರೂ, ಆ ಮುದುಕನ ಭುಜ ಅಳೆಯೋಕೆ ಟೇಪು ಸಿಗಲಿಲ್ವಾ?"

ಗಾರ್ಲಂಡ್ ಕತ್ತರಿಸಿದ ಅಡ್ಡಪಟ್ಟಿಯನ್ನು ಎತ್ತಿ ಮೊದಲಿದ್ದ ಜಾಗಕ್ಕೆ ಹಿಡಿದು ನೋಡಿದ. ಕೋಬಿ ಹೊರಗೆ ಹೋಗಿ ಹಳೆಯ ಸ್ಪ್ರಿಂಗುಗಳ ಪಕ್ಕ ಕೂತ.

ಶನಿವಾರ ಚರ್ಚಿನ ಅಂಗಳದಲ್ಲಿ ವರ್ಲಿನ್ ಗಾಡಿಯನ್ನು ನೋಡಿದ. ಸುತ್ತ ಒಂದು ಸಲ ನಡೆದ. ಹಿಂದೆ ಬಂದು ಹಿಂಬಾಗಿಲ ಅಂಚನ್ನು ಕತ್ತೆತ್ತಿ ನೋಡಿದ. ಕೋಬಿ ಟೋಪಿ ಹಿಸುಕುತ್ತಾ ನಿಂತಿದ್ದ.

"ತಪ್ಪಾಗಿಹೋಯ್ತು ಸಾರ್," ಎಂದ. "ಅವನಿಗೋಸ್ಕರ ಅಂತ..."

"ಗೊತ್ತಪ್ಪ," ಎಂದ ವರ್ಲಿನ್. "ಅವನಿದ್ದಿದ್ರೆ ಕುಣೀತಿದ್ದ."

ಗಾರ್ಲಂಡ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದ. "ಗಾಡಿಯ ಹಿಂದಿನ ಚಕ್ರ ರಸ್ತೆ ಪಕ್ಕದ ಚರಂಡಿಗೆ ಇಳಿಸ್ತೀನಿ. ಬಾಗಿಲು ತಗ್ಗಿಗೆ ಬರುತ್ತೆ, ನಿಮ್ಮ ಕೈಗೆ ಸಿಗುತ್ತೆ."

"ನನ್ನ ಮಗನನ್ನ ಚರಂಡಿಯಿಂದ ಕಳಿಸ್ಲಾ?"

"ಹಾಗಾದ್ರೆ ಚರ್ಚಿನಿಂದ ಒಂದು ಸ್ಟೂಲು..."

"ಸಾಕು ಬಿಡಯ್ಯ. ನಾನು ಎತ್ತುತ್ತೀನಿ."

ಆರು ಜನ ಶವಪೆಟ್ಟಿಗೆ ಹೊತ್ತು ತಂದರು. ಮುಂದಿನ ಹಿಡಿ ವರ್ಲಿನ್‌ನದು, ಎದುರು ಬದಿಯಲ್ಲಿ ಕೋಬಿ, ವರ್ಲಿನ್‌ನ ಹಿಂದೆ ಗಾರ್ಲಂಡ್. ಬಾವಿಯ ಕೆಲಸಗಾರರೇ ಇಬ್ಬರು ಗಾಡಿಯ ಮೇಲೆ ಹತ್ತಿ ಕೈ ಚಾಚಿ ನಿಂತಿದ್ದರು. ನಾನು ಮೆಟ್ಟಿಲ ಹತ್ತಿರವಿದ್ದೆ. ವರ್ಲಿನ್ ಹಿಡಿ ಬಿಟ್ಟುಬಿಡಲಿ, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಎತ್ತಿದರು. ಪೆಟ್ಟಿಗೆ ವರ್ಲಿನ್‌ನ ಎದೆಗೆ ಬಂತು. ಅವನ ತೋಳು ಅಲ್ಲೇ ನಿಂತಿತು, ಪೆಟ್ಟಿಗೆ ನಿಲ್ಲಲಿಲ್ಲ.

"ಬಿಡಿ ಸಾರ್, ನಾವು ಹಿಡಿದಿದ್ದೀವಿ," ಎಂದ ಕೋಬಿ.

ವರ್ಲಿನ್ ಬಿಡಲಿಲ್ಲ. ತುದಿಗಾಲಲ್ಲಿ ನಿಂತ, ಮುಖ ಕಪ್ಪಿಟ್ಟಿತು. ನಡುವೆ ನಿಲ್ಲಿಸುವ ಹಾಗಿರಲಿಲ್ಲ, ಮೇಲಿನವರು ಎಳೆದುಕೊಂಡರು. ಆಗ ಬಟ್ಟೆ ಹರಿದಂಥ ಸದ್ದು ಬಂತು. ಬಟ್ಟೆಯಲ್ಲ ಅದು, ಅವನ ಭುಜ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಪೆಟ್ಟಿಗೆ ಒಳಗೆ ಸರಿಯಿತು.

ವರ್ಲಿನ್ ಮಗನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಹೋಗಬೇಕೆಂದಿದ್ದ. ಬಾಗಿಲ ಮೇಲಿನ ಹಿಡಿ ಹಿಡಿದು ಹತ್ತಲು ಆಗಲಿಲ್ಲ. ಗಾರ್ಲಂಡ್ ಎತ್ತಿ ಕೂರಿಸಲು ಬಂದಾಗ ಬೇಡವೆಂದು ತಲೆಯಾಡಿಸಿ, ನನ್ನ ಪುಟ್ಟ ಕಾರಿಗೆ ಬಂದ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಆಸ್ಪತ್ರೆಗೆ ಹೋಗೋಣ ವರ್ಲಿನ್."

"ಮೊದಲು ಅವನ ಹಿಂದೆ ನಡಿ."

ಗಾರ್ಲಂಡ್ ನಿಧಾನವಾಗಿ ಓಡಿಸುತ್ತಿದ್ದ. ಎದುರಿಗೆ ಬರುವ ಗಾಡಿಗಳೆಲ್ಲ ರಸ್ತೆಯ ಬದಿಗೆ ಸರಿದು ನಿಲ್ಲುತ್ತಿದ್ದವು, ಗಂಡಸರು ಟೋಪಿ ತೆಗೆಯುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಹೊಳೆಯುವ ಎರಡು ಚಕ್ರ, ಮುಚ್ಚಿದ ಹಿಂಬಾಗಿಲು. ಪೆಟ್ಟಿಗೆ ಕಾಣುವಷ್ಟು ನಮ್ಮ ಕಾರು ಎತ್ತರವಿರಲಿಲ್ಲ.

ಸ್ಮಶಾನದ ತಿರುವಿನಲ್ಲಿ ವರ್ಲಿನ್ ನನ್ನ ಕಡೆಗೆ ತಿರುಗಿದ.

"ನಾನಾಗಿ ಬಿಡಲಿಲ್ಲ, ನಡೀನ್. ನೀನು ನೋಡಿದ್ಯಲ್ಲ?"

"ನೋಡಿದೆ ವರ್ಲಿನ್."

"ಕಿತ್ಕೊಂಡ್ರು," ಎಂದ.