ಸ್ವಿಚ್ ಇಲ್ಲದ ತಂತಿ

ನನ್ನ ಗಂಡನಿಗೆ ಈಗ ಉಳಿದಿರೋದು ಒಂದೇ ಒಂದು ಮಾತು. ಅದೂ ಕನ್ನಡದ್ದಲ್ಲ. ‘ಅಚ್ಛಾ’.

ಮೂವತ್ತೊಂದು ವರ್ಷ ದಿಲ್ಲಿಯಲ್ಲಿ ಸರ್ಕಾರಿ ನೌಕರಿ ಮಾಡಿಯೂ, ಮನೆ ಹೊಸ್ತಿಲು ದಾಟಿದ ಮೇಲೆ ಒಂದು ಹಿಂದಿ ಪದ ನಾಲಗೆ ಮೇಲೆ ತಾರದ ಮನುಷ್ಯ ಇವರು. ತರಕಾರಿ ಭಯ್ಯಾನ ಬಾಯಲ್ಲೇ ‘ಬದನೆಕಾಯಿ’ ಅನ್ನಿಸಿದವರು. ಜನವರಿಯಲ್ಲಿ ಸ್ಟ್ರೋಕ್ ಬಂತು ನೋಡಿ, ಕನ್ನಡ, ಇಂಗ್ಲಿಷು, ವಿಷ್ಣುಸಹಸ್ರನಾಮ, ನನ್ನ ಹೆಸರು, ಎಲ್ಲಾ ಗುಡಿಸಿಕೊಂಡು ಹೋಗಿ ಈ ಒಂದು ಪದ ಮಾತ್ರ ಬಿಟ್ಟಿತು. ನೀರು ಬೇಕಾದರೆ ಅಚ್ಛಾ. ಬೇಡದಿದ್ದರೂ ಅಚ್ಛಾ. ನೋವಾದರೆ, ಸೊಳ್ಳೆ ಕಚ್ಚಿದರೆ, ಮಗಳು ಆಫೀಸಿಂದ ಬಂದರೆ, ಎಲ್ಲಕ್ಕೂ ಅದೇ. ಓದೋದೂ ಹೋಯಿತು. ಪೇಪರ್ ಕೊಟ್ಟರೆ ತಲೆಕೆಳಗೆ ಹಿಡಿದು ಕೂರುತ್ತಾರೆ. “ನಾವು ಹೇಳಿದ್ದು ಅವರಿಗೆ ಅರ್ಥ ಆಗುತ್ತಾ?” ಅಂತ ಡಾಕ್ಟರನ್ನ ಕೇಳಿದೆ. “ಸ್ವಲ್ಪ ಆಗಬಹುದು, ಆಗದೇನೂ ಇರಬಹುದು” ಅಂದರು. ಇಷ್ಟು ಹೇಳೋಕೆ ಅಷ್ಟೆಲ್ಲಾ ಓದಬೇಕಿತ್ತಾ ಅಂತ ನನಗೆ ಉರಿದುಹೋಯಿತು.

ನಾವಿರೋ ರೋಹಿಣಿ ಬಡಾವಣೆಯ ಕನ್ನಡದ ಹೆಂಗಸರು ಸಮಾಧಾನ ಹೇಳೋಕೆ ಬಂದರು. “ದಕ್ಷಿಣಾಮೂರ್ತಿ ಅಂದರೆ ಮೌನದಲ್ಲೇ ಎಲ್ಲಾ ತಿಳಿಸೋ ದೇವರು ವಿಜಯಮ್ಮಾ, ಹೆಸರಿಗೆ ತಕ್ಕ ಹಾಗೆ ಆಗಿದ್ದಾರೆ” ಅಂದರು. ಆ ದೇವರು ಸುಮ್ಮನೆ ಕೂತರೆ ಋಷಿಗಳ ಸಂಶಯವೆಲ್ಲ ತೀರಿತಂತೆ. ನಮ್ಮನೆ ದಕ್ಷಿಣಾಮೂರ್ತಿ ಸುಮ್ಮನೆ ಕೂತರೆ ಕಾಫಿಗೋ ಬಾತ್‌ರೂಮಿಗೋ ಅನ್ನೋದೂ ನನಗೆ ತಿಳಿಯಲ್ಲ. ಅವರನ್ನೆಲ್ಲ ಕಳಿಸಿ ಬಾಗಿಲು ಹಾಕಿಕೊಂಡು ಅತ್ತೆ.

ಇನ್ನು ಆ ವಿಮಾನದ ಕಥೆ. ಹೌದು, ವಿಮಾನ. ನಗಬೇಡಿ, ನಾನು ನಕ್ಕು ಸಾಕಾಗಿದೆ. ಸರ್ಕಾರಿ ಕಟ್ಟಡಗಳಿಗೆ ವೈರಿಂಗ್ ಮಾಡಿಸೋ ಎಂಜಿನಿಯರಾಗಿದ್ದ ಈ ಮಹಾಶಯರಿಗೆ ರಿಟೈರಾಗೋ ಐದು ವರ್ಷ ಮುಂಚೆ ಹುಚ್ಚು ಹತ್ತಿತು. ಅಮೆರಿಕದಿಂದ ನಕ್ಷೆ ತರಿಸಿದರು. ಊರಾಚೆ ಕಂಝಾವಲಾ ಹಳ್ಳಿ ಹತ್ತಿರ ಒಬ್ಬ ಚೌಧರಿಯ ಹೊಲದಲ್ಲಿದ್ದ ಶೆಡ್ಡು ಹಿಡಿದು, ಅಲ್ಯೂಮಿನಿಯಂ ತಗಡು ಕತ್ತರಿಸಿ, ಎರಡು ಸೀಟಿನ ವಿಮಾನ ಕಟ್ಟೋಕೆ ಶುರು ಮಾಡಿದರು. ಏರ್‌ಫೋರ್ಸಿಂದ ರಿಟೈರಾದ ಅನಂತಮೂರ್ತಿಗಳು ಎಂಜಿನ್ ಕೂರಿಸಿಕೊಟ್ಟರು. ರೆಕ್ಕೆ ಬಂತು, ಬಾಲ ಬಂತು. ಕೊನೆಗೆ ಉಳಿದದ್ದು ವೈರಿಂಗು, ಇವರ ಸ್ವಂತ ವಿದ್ಯೆ. “ಅದು ಹಾರೋ ತನಕ ನಾನು ಆ ಶೆಡ್ಡಿಗೆ ಕಾಲಿಡಲ್ಲ” ಅಂದಿದ್ದೆ. ಇಟ್ಟಿರಲೂ ಇಲ್ಲ.

ಆದರೆ ಪ್ಲ್ಯಾನ್ ಹಾಕಿದ್ದು ನನ್ನ ಡೈನಿಂಗ್ ಟೇಬಲ್ ಮೇಲೇ. “ಇದೂ ಮದುವೆ ಮನೆ ಊಟದ ಹಾಗೇ ಕಣೇ” ಅನ್ನೋರು. “ಬ್ಯಾಟರಿ ಅಂದರೆ ಉಗ್ರಾಣ. ಎಂಜಿನ್ ಪಕ್ಕದ ಆಲ್ಟರ್ನೇಟರ್ ಅಂದರೆ ದಿನಾ ದುಡಿದು ಉಗ್ರಾಣ ತುಂಬೋನು. ಯಾರು ಎಷ್ಟು ತಿಂತಾರೆ ಅಂತ ಮೊದಲೇ ಲೆಕ್ಕ ಹಾಕಬೇಕು. ದುಡಿಯೋನು ಆಕಾಶದಲ್ಲಿ ಕೈಕೊಟ್ಟ ಅಂದ್ಕೋ, ಯಾರ್‍ಯಾರಿಗೆ ಊಟ ನಿಲ್ಲಿಸಬೇಕು, ಯಾರಿಗೆ ನಿಲ್ಲಿಸಬಾರದು ಅಂತಾನೂ ಗೊತ್ತಿರಬೇಕು.” ನಾನು ಬೀನ್ಸ್ ಹೆಚ್ಚುತ್ತಾ, “ಮೊದಲು ಈ ಮನೆಯ ಗೀಸರ್ ರಿಪೇರಿ ಮಾಡಿ” ಅಂತಿದ್ದೆ. ನನ್ನ ಬಾಯಿ ಇರೋದೇ ಹಾಗೆ. ಮಫ್ಲರ್ ಹಾಕ್ಕೊಳ್ಳಿ, ಗುಳಿಗೆ ನುಂಗಿ, ಸ್ಕೂಟರ್ ನಿಧಾನ. ಮದುವೆಯಾದ ದಿನದಿಂದ ನಿಂತದ್ದಿಲ್ಲ.

ನಿಂತದ್ದು ಒಂದೇ ಸಲ.

ಸಂಕ್ರಾಂತಿ ದಿನ ಎಳ್ಳು ಬೀರೋಕೆ ಹತ್ತು ಜನ ಬಂದಿದ್ದರು. ಒಳ್ಳೇ ಮಾತಾಡಬೇಕಾದ ದಿನ. ಇವರು ಎಲ್ಲರೆದುರಿಗೆ ವಿಮಾನದ ಸ್ವಿಚ್ಚುಗಳ ಬಗ್ಗೆ ಕೊಚ್ಚಿಕೊಳ್ಳುತ್ತಾ ಇದ್ದರು. ನಾನು ಎಂದಿನ ಹಾಗೆ, “ಬಿಪಿ ಗುಳಿಗೆ ನುಂಗಿದ್ರಾ?” ಅಂದೆ. ಅಷ್ಟಕ್ಕೇ, “ಎಲ್ಲಕ್ಕೂ ಸ್ವಿಚ್ ಹಾಕಿದೀನಿ. ಇವಳ ಬಾಯಿಗೂ ಒಂದು ಹಾಕೋದು ಬಾಕಿ ಇದೆ” ಅಂದುಬಿಟ್ಟರು. ಎಲ್ಲರೂ ಹೋ ಅಂತ ನಕ್ಕರು. ನನಗೆ ಮೈಯೆಲ್ಲಾ ಉರಿಯಿತು. ಸರಿ, ನಾನೇ ಆಫ್ ಮಾಡ್ಕೋತೀನಿ ಅಂದ್ಕೊಂಡೆ. ಮೂರು ದಿನ ಒಂದಕ್ಷರ ಆಡಲಿಲ್ಲ. ತಟ್ಟೆ ಕುಕ್ಕಿದೆ, ಕಾಫಿ ಇಟ್ಟೆ, ಮಾತಿಲ್ಲ.

ಮೂರನೇ ದಿನ ಬೆಳಿಗ್ಗೆ ಅವರ ಬಲಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಅದನ್ನೇ ನೋಡುತ್ತಾ ನಿಂತರು. ಆಮೇಲೆ ಶೂ ಲೇಸ್ ಕಟ್ಟೋಕೆ ಮೂರು ಸಲ ನೋಡಿ, ಆಗದೆ, ಹಾಗೇ ಒಳಗೆ ತುರುಕಿಕೊಂಡರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲಾ ನೋಡಿದೆ. ‘ಎಲ್ಲಿಗ್ರೀ ಹೋಗ್ತೀರಾ, ಕೂತ್ಕೊಳ್ಳಿ, ಕೈಗೇನಾಯ್ತು’ ಅನ್ನೋದು ಗಂಟಲ ತನಕ ಬಂತು. ನುಂಗಿದೆ. ಅವರು ಒಂದು ಕ್ಷಣ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು, ಏನೋ ಕೇಳಿಸಿಕೊಳ್ಳೋಕೆ ನಿಂತ ಹಾಗೆ. ನಾನು ನೆಲ ಒರೆಸೋಕೆ ಬಗ್ಗಿದೆ. ಆಟೋ ಹತ್ತಿ ಹೋದರು. ಮಧ್ಯಾಹ್ನ ಚೌಧರಿ ಫೋನ್ ಮಾಡಿದ. ವಿಮಾನದ ಪಕ್ಕ ಬಿದ್ದಿದ್ದರಂತೆ, ಎಷ್ಟು ಹೊತ್ತಿಂದಲೋ.

ಲೋಟದ ವಿಷಯ ನಾನು ಯಾರಿಗೂ ಹೇಳಿಲ್ಲ. ಡಾಕ್ಟರು “ಮುಂಚೆ ಏನಾದರೂ ಸೂಚನೆ ಇತ್ತಾ?” ಅಂತ ಕೇಳಿದಾಗ “ಇಲ್ಲ” ಅಂದೆ.

ಫೆಬ್ರವರಿ ಕೊನೆಗೆ ಚೌಧರಿ ಬಂದ. ಜಮೀನು ಗೋದಾಮಿಗೆ ಕೊಟ್ಟಾಗಿದೆ, ಹೋಳಿ ಒಳಗೆ ಶೆಡ್ಡು ಖಾಲಿ ಆಗಬೇಕು ಅಂತ ಕೈಮುಗಿದು ಹೇಳಿದ. ಅವನ ತಪ್ಪೇನಿಲ್ಲ. ಅನಂತಮೂರ್ತಿಗಳು ಮೀರತ್ ಕಡೆ ಪರಿಚಯದ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಜಾಗ ಕೇಳಿದರು. ಕ್ಲಬ್ಬಿನವರು ಒಪ್ಪಿದರು, ಆದರೆ ಯಾವ ತಂತಿ ಯಾವುದಕ್ಕೆ ಅಂತ ಗೊತ್ತಿಲ್ಲದ ವಿಮಾನ ಬೇಡ ಅಂದರು. ಮೂವತ್ತೇಳು ತಂತಿ ಡ್ಯಾಶ್‌ಬೋರ್ಡಿನ ಹಿಂದೆ ನೇತಾಡುತ್ತಾ ಇದ್ದವು. ಮೀಟರುಗಳು ಇನ್ನೂ ಡಬ್ಬಿಯಲ್ಲೇ ಇದ್ದವು.

“ನನಗೆ ಎಂಜಿನ್ ಗೊತ್ತು, ಕರೆಂಟ್ ಅಂದರೆ ನಮಸ್ಕಾರ” ಅಂದರು ಅನಂತಮೂರ್ತಿಗಳು. “ಪ್ರತಿ ತಂತಿಗೂ ಚೀಟಿ ಕಟ್ಟಿದಾರೆ, ನೋಟ್‌ಬುಕ್ಕೂ ಇದೆ. ಆದರೆ ಅದೇನು ಬರೆದಿದಾರೋ! ವೈರಿಂಗೋ ಮದುವೆ ಕರೆಯೋಲೆ ಪಟ್ಟಿಯೋ ಗೊತ್ತಾಗ್ತಿಲ್ಲ ತಾಯಿ. ಭಾನುವಾರದ ಒಳಗೆ ಬಿಡಿಸೋಕಾಗದಿದ್ದರೆ ಎಲ್ಲಾ ಕತ್ತರಿಸಿ, ಎಂಜಿನ್ ಬಿಚ್ಚಿಕೊಂಡು, ಉಳಿದದ್ದು ಗುಜರಿಗೆ.”

ಐದು ವರ್ಷ ಆ ಮನುಷ್ಯ ತಗಡಿಗೆ ಮೊಳೆ ಹೊಡೆದದ್ದು ಗುಜರಿಗೆ. ಅವರನ್ನೇ ಕೇಳೋಣ ಅಂದರೆ, ನೋಟ್‌ಬುಕ್ ಮುಂದೆ ಹಿಡಿದಾಗ ಬೆರಳು ಅಕ್ಷರದ ಮೇಲೆ ಆಡಿಸಿ, “ಅಚ್ಛಾ... ಅಚ್ಛಾ...” ಅಂತ ಕಣ್ಣು ತುಂಬಿಕೊಂಡರು. ತಾನೇ ಬರೆದದ್ದು ತನಗೇ ತಿಳಿಯಲ್ಲ. ಮಗಳು ಹರ್ಷಿಣಿ ನೋಯ್ಡಾದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರು, ತಂತಿ ಜೋಡಿಸೋದು ಅವಳಿಗೆ ನೀರು ಕುಡಿದ ಹಾಗೆ. ಆದರೆ ದಿಲ್ಲಿಯಲ್ಲಿ ಹುಟ್ಟಿದ ಹುಡುಗಿ, ಕನ್ನಡ ಓದೋಕೆ ಬರಲ್ಲ. ಕಲಿಸಲಿಲ್ಲ, ನಮ್ಮದೇ ತಪ್ಪು. ಓದೋಕೆ ಬರೋಳು ನಾನು. ನನಗೆ ಪ್ಲಗ್ಗಿಗೂ ಹೋಲ್ಡರಿಗೂ ವ್ಯತ್ಯಾಸ ಗೊತ್ತಿಲ್ಲ.

ಆ ಭಾನುವಾರ ಮೊದಲ ಸಲ ಶೆಡ್ಡಿಗೆ ಕಾಲಿಟ್ಟೆ. ಮನೇಲಿ ನೋಡಿಕೊಳ್ಳೋರಿಲ್ಲ ಅಂತ ಇವರನ್ನೂ ವೀಲ್‌ಚೇರಲ್ಲಿ ಕರೆದುಕೊಂಡು ಹೋಗಿ ರೆಕ್ಕೆ ಪಕ್ಕ ಕೂರಿಸಿದೆವು. ಬೆಳ್ಳಗೆ ಹೊಳೀತಾ ಇತ್ತು ಅದು. ಅಯ್ಯೋ, ಇಷ್ಟು ಚೆನ್ನಾಗಿ ಮಾಡಿದಾರೆ ಅಂತ ಒಂದು ಸಲವಾದರೂ ಬಂದು ಹೇಳಬಾರದಿತ್ತಾ ನಾನು?

ಹರ್ಷಿಣಿ ಸೀಟಿನ ಕೆಳಗೆ ಅಂಗಾತ ಮಲಗಿ ಒಂದು ಚೀಟಿ ತೋರಿಸಿದಳು. “ಅಮ್ಮಾ, ಯೇ ಕ್ಯಾ ಲಿಖಾ ಹೈ?”

“ಬಸಪ್ಪ” ಅಂತ ಓದಿದೆ.

“ಬಸಪ್ಪ ಕೌನ್?”

“ಹಾಸನದಲ್ಲಿ ನಿಮ್ಮಪ್ಪನ ಪಕ್ಕದ ಮನೆಯೋರು. ಬಾಯಿ ತೆಗೆದರೆ ಮುಚ್ಚೋರಲ್ಲ. ಮುಂದಿರೋನು ಕೇಳ್ತಿದಾನೋ ಇಲ್ವೋ, ಅವರ ಪಾಡಿಗೆ ಮಾತು.”

ಅವಳು ತಂತಿ ಹಿಡಿದು ಹಿಂದಕ್ಕೆ ಹೋಗಿ ನೋಡಿ ಕೂಗಿದಳು: “ಅಮ್ಮಾ! ಹೆಡ್‌ಫೋನ್ ಹತ್ರ ಹೋಗ್ತಿದೆ. ರೇಡಿಯೋ! ಬಸಪ್ಪ ಅಂದ್ರೆ ರೇಡಿಯೋ!”

ನನಗೆ ನಗು ಬಂತು, ಸ್ಟ್ರೋಕ್ ಆದ ಮೇಲೆ ಮೊದಲ ಸಲ. ಆಮೇಲೆ ಶುರುವಾಯಿತು ನೋಡಿ. ರತ್ನಮ್ಮ ಯಾರು? ಇವರ ಚಿಕ್ಕಮ್ಮ, ಬಂದವಳೇ ಒಂದೇ ಪಟ್ಟಿಗೆ ಮನೆಯ ಊಟವೆಲ್ಲ ತಿಂದು ಆಮೇಲೆ ಇಡೀ ದಿನ ಮಲಗೋಳು. ಅದು ಸ್ಟಾರ್ಟರ್ ಮೋಟಾರ್. ಚಂದ್ರಪ್ಪ? ಕಣಜದಲ್ಲಿ ಎಷ್ಟಿದೆ ಅಂತ ಕೇಳಿದರೆ ಜನ್ಮದಲ್ಲಿ ನಿಜ ಹೇಳದ ದಾಯಾದಿ. ಅದು ಪೆಟ್ರೋಲ್ ಮೀಟರ್. ಅನಂತಮೂರ್ತಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂದಿರಮ್ಮ? ನಮ್ಮತ್ತೆ. ಮಣೆ ಮೇಲೆ ಕೂತು ಎಲ್ಲರಿಗೂ ಬಡಿಸಿ ಕಳಿಸೋಳು. ಅದು ಎಲ್ಲಾ ತಂತಿ ಬಂದು ಸೇರೋ ತಾಮ್ರದ ಪಟ್ಟಿ. ನಂಬರು ಹಾಕಿದರೆ ಮರೆತುಹೋಗುತ್ತೆ, ನೆಂಟರು ಮರೆಯಲ್ಲ ಅಂತ ಲೆಕ್ಕ ಹಾಕಿದ್ದರು ಪಾಪ. ಪ್ರತಿ ಹೆಸರಿಗೂ ನಾನು ಕಥೆ ಹೇಳೋದು, ಅವಳು ತಂತಿ ಹುಡುಕೋದು. ಮೂರು ಗಂಟೆ ಹೊತ್ತಿಗೆ ಮೂವತ್ತಾರು ಆದವು. ಇವರು ವೀಲ್‌ಚೇರಲ್ಲಿ ಒಂದೊಂದು ಹೆಸರಿಗೂ “ಅಚ್ಛಾ” ಅಂತಿದ್ದರು.

ಕೊನೆಯದು ಒಂದು ಸಣ್ಣ ಬಿಳೀ ತಂತಿ. ಚೀಟಿ ನೋಡಿದೆ. ‘ವಿಜಿ’.

“ಇದು ನಾನು” ಅಂದೆ.

ಹರ್ಷಿಣಿ ಅದನ್ನ ಹಿಡಿದು ರೆಕ್ಕೆ ತನಕ ಹೋದಳು. ರೆಕ್ಕೆಯ ಮುಂದಿನ ಅಂಚಿನಲ್ಲಿ ಉಗುರಿನಷ್ಟು ತಗಡಿನ ನಾಲಗೆ ಇತ್ತು. ಅವಳು ಅದನ್ನ ನೋಡಿ ನಕ್ಕೇ ನಕ್ಕಳು. “ಅಮ್ಮಾ, ಪಕ್ಕಾ ಆಪ್ ಹೋ, ನೀನೇ! ಇದು ಸ್ಟಾಲ್ ವಾರ್ನಿಂಗ್. ಪ್ಲೇನ್ ತುಂಬಾ ಸ್ಲೋ ಆಗಿ ಬೀಳೋಕೆ ಮುಂಚೆ ಗಾಳಿ ಈ ನಾಲಗೆನ ಮೇಲಕ್ಕೆತ್ತುತ್ತೆ. ಆಗ ಹಾರ್ನ್ ಜೋರಾಗಿ ಕಿರುಚುತ್ತೆ. ಪೈಲಟ್‌ಗೆ ತಾನು ಬೀಳ್ತಿದೀನಿ ಅಂತ ಗೊತ್ತೇ ಆಗಿರಲ್ಲ. ಇದು ಹೇಳುತ್ತೆ.”

ಅನಂತಮೂರ್ತಿಗಳೂ ನಕ್ಕರು. ನಾನೂ ನಗೋಕೆ ಹೋದೆ, ಆಗಲಿಲ್ಲ.

“ಆದ್ರೆ ಸ್ವಿಚ್ ಎಲ್ಲಿ?” ಅಂತ ಹರ್ಷಿಣಿ ಹುಡುಕಿದಳು. “ಬೇರೆ ಎಲ್ಲಕ್ಕೂ ಒಂದೊಂದು ಸ್ವಿಚ್ ಇದೆ. ಇದಕ್ಕೆ ತೂತು ಕೊರೆದು ಮತ್ತೆ ಮುಚ್ಚಿದಾರೆ. ನೋಟ್‌ಬುಕ್‌ನಲ್ಲಿ ಏನಿದೆ ನೋಡಮ್ಮಾ.”

ಕೊನೆಯ ಪುಟ ತೆಗೆದೆ. ‘ವಿಜಿ — ಸ್ವಿಚ್’ ಅಂತ ನೀಲಿ ಇಂಕಿನಲ್ಲಿತ್ತು. ಸ್ವಿಚ್ ಅನ್ನೋದನ್ನ ಕೆಂಪು ಪೆನ್ನಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದರು: ‘ಸ್ವಿಚ್ ಬೇಡ. ಇವಳು ಯಾವಾಗಲೂ ಆನ್ ಇರಬೇಕು.’ ಕೆಳಗೆ ತಾರೀಖು, ಜನವರಿ ಹದಿನಾರು. ನಾನು ಮಾತು ಬಿಟ್ಟ ಎರಡನೇ ದಿನ. ಅವರು ಬೀಳೋ ಹಿಂದಿನ ದಿನ.

“ಕ್ಯಾ ಲಿಖಾ ಹೈ, ಅಮ್ಮಾ?”

“ಸ್ವಿಚ್ ಬೇಡವಂತೆ” ಅಂದೆ. ಉಳಿದದ್ದು ಓದಲಿಲ್ಲ.

ಅವಳು ಡಬ್ಬಿಯಿಂದ ಹಾರ್ನ್ ತೆಗೆದು ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಯಾವ ತಂತಿ ಯಾವುದಕ್ಕೆ ಅನ್ನೋ ಪಟ್ಟಿ ಬರೆದುಕೊಂಡು ಅನಂತಮೂರ್ತಿಗಳ ಜೊತೆ ಲಾರಿಯವನ ಹತ್ತಿರ ಮಾತಾಡೋಕೆ ಹೊರಗೆ ಹೋದಳು. ವಿಮಾನ ಗುಜರಿಗೆ ಹೋಗಲ್ಲ ಅಂತ ಇಬ್ಬರಿಗೂ ಖುಷಿ. ಶೆಡ್ಡಿನಲ್ಲಿ ನಾನು, ಇವರು ಇಬ್ಬರೇ ಉಳಿದೆವು.

ರೆಕ್ಕೆ ಹತ್ತಿರ ಹೋಗಿ ಆ ತಗಡಿನ ನಾಲಗೆನ ಒಂದು ಬೆರಳಲ್ಲಿ ಎತ್ತಿದೆ. ಕಿರ್‍ರ್ ಅಂತ ಕಿರುಚಿತು ನೋಡಿ, ಶೆಡ್ಡಿನ ಪಾರಿವಾಳವೆಲ್ಲ ಎದ್ದವು. ಇವರು ಬೆಚ್ಚಿಬಿದ್ದು ತಲೆಯೆತ್ತಿದರು. ವಿಮಾನ ನೋಡಲಿಲ್ಲ. ನನ್ನ ಮುಖ ನೋಡಿದರು, ಆವತ್ತು ಬಾಗಿಲಲ್ಲಿ ನಿಂತು ನೋಡಿದ ಹಾಗೇ.

ಬೆರಳು ತೆಗೆದೆ. ಅವರ ವೀಲ್‌ಚೇರ್ ಮುಂದೆ ನೆಲದ ಮೇಲೆ ಕೂತು, ಆ ಬಲಗೈ ಹಿಡ್ಕೊಂಡೆ.

“ರೀ, ಆವತ್ತು ಲೋಟ ಬಿದ್ದದ್ದು ನಾನು ನೋಡಿದ್ದೆ. ಲೇಸ್ ಕಟ್ಟೋಕಾಗದೇ ಇದ್ದದ್ದೂ ನೋಡಿದ್ದೆ. ಬಾಯಿಗೆ ಬಂದಿತ್ತು ಕಣ್ರೀ. ಹಠಕ್ಕೆ ಹೇಳಲಿಲ್ಲ.”

“ಅಚ್ಛಾ” ಅಂದರು.

“ಅಚ್ಛಾ ಅಂದರೆ ಏನ್ರೀ? ಗೊತ್ತಿತ್ತು ಅಂತಿದೀರಾ? ಬೈತಿದೀರಾ? ಹೋಗಲಿ ಬಿಡು ಅಂತಿದೀರಾ? ನಾನು ಹೇಳಿದ್ದು ತಿಳೀತಾ ನಿಮಗೆ? ನೀರು ಬೇಕಾ?”

ಅವರು ನನ್ನನ್ನೇ ನೋಡುತ್ತಾ ತುಟಿ ಅಲುಗಿಸಿದರು. ಏನೋ ಬೇರೆ ಪದ ಹುಡುಕ್ತಾ ಇದ್ದ ಹಾಗಿತ್ತು. ನಾನು ಕಾದೆ.

“ಅಚ್ಛಾ” ಅಂದರು.